ಪಿತೃಪಕ್ಷದಲ್ಲಿ ಬಂದ ಫೋನು

ನಮ್ಮ ಮನೆಯಲ್ಲಿ ಫೋನುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಹೊಸದನ್ನು ಕೊಳ್ಳುವವನು ನನ್ನ ತಮ್ಮ. ಅವನ ಹಳೆಯದು ನನಗೆ ಬರುತ್ತದೆ, ನನ್ನದು ನನ್ನ ಹೆಂಡತಿಗೆ, ಅವಳದು ಅಕ್ಕಲಕೋಟೆಯಲ್ಲಿರುವ ನಮ್ಮ ಅಕ್ಕನಿಗೆ. ಯಾರೂ ಕೂತು ಮಾಡಿದ ಕಾನೂನಲ್ಲ ಇದು. ಅಣ್ಣನ ಅಂಗಿ ತಮ್ಮನಿಗೆ ಬರುವುದು ಲೋಕರೂಢಿ, ನಮ್ಮಲ್ಲಿ ತಮ್ಮನ ಫೋನು ಅಣ್ಣನಿಗೆ ಬರುತ್ತದೆ, ಅಷ್ಟೇ ಫರಕು. ಅಕ್ಕ ನಮ್ಮೆಲ್ಲರಿಗಿಂತ ಹಿರಿಯಳು. ಹಾಗಾಗಿ ಎಲ್ಲರಿಗಿಂತ ಹಳೆಯ ಫೋನು ಅವಳದು.

ಸೋಲಾಪುರದ ನವಿ ಪೇಠದಲ್ಲಿ ನಮ್ಮದು ಬಟ್ಟೆ ಅಂಗಡಿ. ಅಪ್ಪ ಹಾಕಿದ್ದು. ಚಾದರ, ಟವೆಲ್ಲು, ಧೋತರ, ಮದುವೆಯ ಕಾಲಕ್ಕೆ ಒಂದಿಷ್ಟು ಸೀರೆ. ಮಳೆಗಾಲ ಮುಗಿಯುತ್ತ ಬಂದಂತೆ ವ್ಯಾಪಾರ ಸಪ್ಪೆಯಾಗುತ್ತದೆ, ಆಗ ತಮ್ಮ ಗಾದಿಯ ಮೇಲೆ ಒರಗಿಕೊಂಡು ಬರಲಿರುವ ಫೋನಿನ ಸುದ್ದಿ ಓದುತ್ತಾನೆ. ಕಂಪನಿಯವರು ಅದನ್ನು ಇನ್ನೂ ಯಾರಿಗೂ ತೋರಿಸಿರುವುದಿಲ್ಲ. ಆದರೂ ಅದರ ಬಣ್ಣ ಯಾವುದು, ತೂಕ ಎಷ್ಟು, ಹಿಂಬದಿಯ ಮೂರು ಕ್ಯಾಮೆರಾ ಕಣ್ಣು ಅಡ್ಡವೋ ಉದ್ದವೋ ಎಲ್ಲ ಇವನಿಗೆ ಗೊತ್ತು. ಹೆಣ್ಣು ನೋಡಲು ಹೋಗುವ ಮೊದಲು ಕೂಡ ಇವನು ಇಷ್ಟು ವಿಚಾರಿಸಿರಲಿಲ್ಲ.

ಎದುರಿಗೆ ಸ್ಟೀಲ್ ಪಾತ್ರೆ ಅಂಗಡಿಯವನಿದ್ದಾನೆ. ಅವನು ಇನ್ನೊಂದು ಕಂಪನಿಯ ಪಕ್ಷ. ಸಂಜೆ ಚಹಾದ ಹೊತ್ತಿಗೆ ನಮ್ಮ ಅಂಗಡಿಗೆ ಬಂದು ಕೂತು ಜಗಳ ತೆಗೆಯುತ್ತಾನೆ. ಕಳೆದ ಭಾದ್ರಪದದಲ್ಲಿ ಈ ಜಗಳ ಬಹಳ ಏರಿತ್ತು. ಹೊಸ ಫೋನಿನಲ್ಲಿ ಚಂದ್ರನ ಮೇಲಿನ ಗುಂಡಿ ಕಾಣುತ್ತದೆ ಎಂದು ತಮ್ಮ ಹೇಳಿದರೆ, ಚಂದ್ರನ ಮೇಲೆ ನಿನಗೇನು ಪ್ಲಾಟ್ ಕೊಳ್ಳುವುದಿದೆಯೇ ಎಂದು ಅವನು ಕೇಳುತ್ತಿದ್ದ. ಡಬ್ಬಿಯಲ್ಲಿ ಚಾರ್ಜರನ್ನೇ ಕೊಡದ ಕಂಪನಿಗೆ ಮರ್ಯಾದೆ ಏನು ಎಂಬುದು ಅವನ ದೊಡ್ಡ ವಾದ. ಮುಚ್ಚಳವಿಲ್ಲದೆ ಕುಕ್ಕರ್ ಮಾರಿದರೆ ಗಿರಾಕಿ ನನ್ನ ತಲೆಗೇ ಹೊಡೆಯುತ್ತಾನೆ ಎನ್ನುತ್ತಿದ್ದ. ನಂದೇಶ್ವರ ಎಂಬ ಹಳ್ಳಿಯಿಂದ ಧೋತರ ಕೊಳ್ಳಲು ಬಂದಿದ್ದ ಕುರಿ ಕಾಯುವವನೊಬ್ಬ ಕೂಡ ಈ ಸಲ ಬ್ಯಾಟರಿ ದೊಡ್ಡದು ಮಾಡದಿದ್ದರೆ ಕಂಪನಿ ಮುಳುಗುತ್ತದೆ ಎಂದು ಎಚ್ಚರಿಕೆ ಕೊಟ್ಟ. ಆಮೇಲೆ ಧೋತರದ ದರಕ್ಕೆ ಗಂಟೆಗಟ್ಟಲೆ ಚೌಕಾಸಿ ಮಾಡಿ, ಒಂದೇ ಜೋಡಿ ತೆಗೆದುಕೊಂಡು ಹೋದ.

ನಾನೇನು ಸುಮ್ಮನೆ ಕೂತಿರಲಿಲ್ಲ. ತಮ್ಮನ ಹಳೆಯ ಫೋನು ನನಗೆ ಬರುವುದು ಎಂದಮೇಲೆ ಅವನ ಹೊಸದರಲ್ಲಿ ನನಗೂ ಪಾಲಿದೆ. ಅದು ಕಿತ್ತಳೆ ಬಣ್ಣದಲ್ಲಿ ಬರುತ್ತದಂತೆ ಎಂಬ ಸುದ್ದಿಯನ್ನು ನಾನೇ ಪೇಟೆಯ ತುಂಬ ಹಂಚಿದೆ. ನನ್ನ ಹೆಂಡತಿ ತನ್ನ ಫೋನು ತುಂಬಿ ತುಳುಕುತ್ತಿದೆ, ತವರಿನ ಒಂದು ಫೋಟೋ ಇಳಿಸಿಕೊಳ್ಳಬೇಕಾದರೆ ಇನ್ನೊಂದನ್ನು ಅಳಿಸಬೇಕು ಎಂದು ದಿನಾ ಗೊಣಗುತ್ತಿದ್ದಳು. ಹೀಗೆ ಬಾರದ ಫೋನಿಗಾಗಿ ಎಲ್ಲರೂ ಕಾಯುತ್ತಿದ್ದೆವು. ನಿಜವಾಗಿ ಕಾಯಬೇಕಾದವಳು ಸಾಲಿನ ಕೊನೆಯಲ್ಲಿದ್ದಳು. ಹೊಸದೊಂದು ಬರಲಿದೆ ಎಂಬುದು ಬಿಟ್ಟರೆ ಅದರ ಬಣ್ಣವೂ ಅವಳಿಗೆ ಗೊತ್ತಿರಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ. ಅಕ್ಕಲಕೋಟೆಯ ಗುಡಿಗೆ ಬರುವ ಭಕ್ತರು ಊರಿಗೆ ಹೋಗುವಾಗ ಅವಳ ಪೊಟ್ಟಣ ಒಯ್ಯುತ್ತಾರೆ. ಇಬ್ಬರು ಹೆಂಗಸರು ರೊಟ್ಟಿ ಬಡಿಯಲು ಬರುತ್ತಾರೆ, ಚಟ್ನಿಯನ್ನು ಮಾತ್ರ ಅಕ್ಕ ತಾನೇ ಕುಟ್ಟುತ್ತಾಳೆ, ಬೇರೆಯವರ ಕೈಗೆ ಕೊಡುವುದಿಲ್ಲ. ಆ ವರ್ಷ ದರ್ಶನಕ್ಕೆ ಬಂದ ಪುಣೆಯ ಅಂಗಡಿಯವನೊಬ್ಬ ಅವಳ ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದು, ಇದನ್ನು ನನ್ನ ಅಂಗಡಿಯಲ್ಲಿ ಇಡುತ್ತೇನೆ, ನವರಾತ್ರಿಯ ಘಟಸ್ಥಾಪನೆಯಿಂದ ಶುರು ಮಾಡೋಣ, ಲೆಕ್ಕಾಚಾರ ಫೋನಿನಲ್ಲಿ ಮಾತಾಡುತ್ತೇನೆ ಎಂದು ನಂಬರು ತೆಗೆದುಕೊಂಡು ಹೋಗಿದ್ದ. ಅಕ್ಕನಿಗೆ ಅದೇ ಧ್ಯಾಸ. ಗುಡಿಯ ಗದ್ದಲ ಇದ್ದ ದಿನ ವ್ಯಾಪಾರ, ಇಲ್ಲದ ದಿನ ಇಲ್ಲ ಎಂಬ ಬದುಕು ಅವಳಿಗೆ ಸಾಕಾಗಿತ್ತು. ಪುಣೆಯ ಗಿರಾಕಿ ಕುದುರಿದರೆ ತಿಂಗಳು ತಿಂಗಳು ಗಟ್ಟಿ ಕೆಲಸ.

ಅಂಥ ಹೊತ್ತಿನಲ್ಲಿ ಅವಳ ಫೋನಿನ ಮೈಕು ಕೆಟ್ಟಿತು. ಅತ್ತಲಿನವರ ಮಾತು ಇವಳಿಗೆ ಕೇಳುತ್ತದೆ, ಇವಳ ಮಾತು ಅವರಿಗೆ ಕೇಳುವುದಿಲ್ಲ. ಎದುರು ಮನೆಯವಳ ಫೋನು ಕೇಳಿ ತಂದು ನನಗೆ ಹಚ್ಚಿದಳು.

"ತಮ್ಮಾ, ನಾ ಮಾತಾಡೂದು ಆ ಕಡಿ ಕೇಳಸವಲ್ದು. ಇಲ್ಲೇ ಸ್ಟ್ಯಾಂಡಿನ ಹಂತ್ಯಾಕ ಒಬ್ಬಾಂವ ರಿಪೇರಿ ಮಾಡ್ತಾನ. ಹಾಕಲೇನು?"

"ಯಾಕ ರೊಕ್ಕ ಹಾಳ ಮಾಡ್ತಿ ಯಕ್ಕಾ? ಹೊಸಾದು ಬರಾಕತ್ತೈತಿ. ನಮ್ಮಾಕಿದು ನಿನಗ ಬರತೈತಿ, ನಾಕ ದಿನ ತಡಿ" ಎಂದೆ.

ವ್ಯಾಪಾರಿ ಬುದ್ಧಿಗೆ ಇದಕ್ಕಿಂತ ಸರಿಯಾದ ಮಾತು ಇಲ್ಲ. ನಾಳೆ ಎಸೆಯುವ ವಸ್ತುವಿಗೆ ಇಂದು ಯಾರು ದುಡ್ಡು ಹಾಕುತ್ತಾರೆ? ಅಕ್ಕ ಆಯಿತು ಎಂದು ಫೋನು ಇಟ್ಟಳು.

ಕಂಪನಿಯವರಿಗೆ ಜಗತ್ತಿನ ಎಲ್ಲ ವಿಷಯ ಗೊತ್ತು, ಪಿತೃಪಕ್ಷ ಮಾತ್ರ ಗೊತ್ತಿಲ್ಲ. ನಮ್ಮ ಪೇಟೆಯಲ್ಲಿ ಅದನ್ನು ಪಂಧರವಡಾ ಅನ್ನುತ್ತೇವೆ. ಸತ್ತ ಹಿರಿಯರಿಗೆ ಎಡೆ ಇಡುವ ಆ ಹದಿನೈದು ದಿನ ಯಾರೂ ಹೊಸ ವಸ್ತು ಕೊಳ್ಳುವುದಿಲ್ಲ. ಬಂಗಾರವಿಲ್ಲ, ಗಾಡಿಯಿಲ್ಲ, ಹೊಸ ಬಟ್ಟೆಯಂತೂ ಇಲ್ಲವೇ ಇಲ್ಲ. ನವಿ ಪೇಠದಲ್ಲಿ ಅಂಗಡಿಕಾರರು ಒಬ್ಬರ ಮುಖ ಒಬ್ಬರು ನೋಡುತ್ತ ಕೂಡುವ ಕಾಲ ಅದು. ಹೊಸ ಫೋನು ಮನೆಗೆ ಬರುವ ದಿನ ಸರಿಯಾಗಿ ಅದರ ನಡುವೆ ಬಿದ್ದಿತು.

ತಮ್ಮ ಎರಡು ದಿನ ಮಂಕಾಗಿದ್ದ. ಆಮೇಲೆ ಅವನಿಗೆ ಉಪಾಯ ಹೊಳೆಯಿತು. ಬುಕಿಂಗ್ ಶುರುವಾಗುವುದು ಪಕ್ಷ ಕೂಡುವ ಮೊದಲು. ಆಗಲೇ ಪೂರ್ತಿ ದುಡ್ಡು ಕಟ್ಟಿಬಿಟ್ಟರೆ ಖರೀದಿ ಒಳ್ಳೆಯ ದಿನ ಆದಂತೆ, ಡಬ್ಬಿ ಯಾವಾಗ ಬಂದರೇನು? ಹಾಗೆಯೇ ಕಟ್ಟಿದ. ಡಬ್ಬಿ ಬಂದ ದಿನ ಅಂಗಡಿಯ ಬಾಗಿಲಲ್ಲಿ ದೊಡ್ಡ ಚರ್ಚೆಯಾಯಿತು. ತಂದವನು ಓಟಿಪಿ ಕೇಳಿದ. ಓಟಿಪಿ ಹೇಳಿದರೆ ವಸ್ತು ಸ್ವೀಕರಿಸಿದಂತೆ, ಅಂದರೆ ಪಕ್ಷದಲ್ಲಿ ತೆಗೆದುಕೊಂಡಂತೆಯೇ ಅಲ್ಲವೇ ಎಂದು ತಮ್ಮನಿಗೆ ಅನುಮಾನ. ಹೇಳದಿದ್ದರೆ ವಾಪಸು ಒಯ್ಯುತ್ತೇನೆ ಎಂದು ತಂದವನು ಬೈಕು ಹತ್ತಿದ. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ತಮ್ಮನ ಫೋನು ಕಸಿದುಕೊಂಡು ಓಟಿಪಿಯನ್ನು ಜೋರಾಗಿ ಓದಿಬಿಟ್ಟಳು. ಪಾಪ ಬಂದರೆ ಅವಳಿಗೆ ಬರಲಿ ಎಂದು ನಾವಿಬ್ಬರೂ ಬೇರೆ ಕಡೆ ನೋಡಿದೆವು. ಡಬ್ಬಿಯನ್ನು ತಂದವನ ಕೈಯಿಂದಲೇ ದೇವರ ಫೋಟೋದ ಕೆಳಗಿನ ಹಲಗೆಯ ಮೇಲೆ ಇಡಿಸಿ, ನಮ್ಮದೇ ಅಂಗಡಿಯ ಟವೆಲ್ಲು ಹೊದಿಸಿದೆವು. ಘಟಸ್ಥಾಪನೆಯ ಬೆಳಿಗ್ಗೆ ಪೂಜೆ ಮಾಡಿ ತೆರೆಯುವುದು ಎಂದು ನಿಶ್ಚಯವಾಯಿತು.

ಮೇಲಿನ ಫೋನು ಅಲುಗದಿದ್ದರೆ ಕೆಳಗಿನವು ಹೇಗೆ ಅಲುಗಿಯಾವು? ತಮ್ಮ ತನ್ನ ಹಳೆಯದನ್ನು ಬಿಡಲಿಲ್ಲ, ನಾನು ನನ್ನದನ್ನು ಬಿಡಲಿಲ್ಲ, ಹೆಂಡತಿ ತನ್ನದನ್ನು ಬಿಡಲಿಲ್ಲ. ಅವಳದನ್ನು ಮೊದಲೇ ಅಕ್ಕನಿಗೆ ಕಳಿಸೋಣ ಎಂದರೆ, ಬಳಸಿದ ವಸ್ತುವಾದರೂ ಅಕ್ಕನಿಗೆ ಅದು ಹೊಸದೇ ಅಲ್ಲವೇ ಎಂದು ತಮ್ಮ ಶಾಸ್ತ್ರ ಹೇಳಿದ. ತಾನು ಅಷ್ಟು ದಿನ ಬರಿಗೈಯಲ್ಲಿ ಇರುವವಳಲ್ಲ ಎಂದು ಹೆಂಡತಿಯೂ ಹೇಳಿದಳು.

ಆ ದಿನಗಳಲ್ಲಿ ತಮ್ಮನ ಅವತಾರ ನೋಡುವಂತಿತ್ತು. ಊರೂರಿನ ಹುಡುಗರು ಅದೇ ಫೋನಿನ ಡಬ್ಬಿ ಬಿಚ್ಚುವ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದ. ಅವನ ಸ್ವಂತ ಡಬ್ಬಿ ಬೆನ್ನ ಹಿಂದೆಯೇ ಟವೆಲ್ಲು ಹೊದ್ದು ಕೂತಿತ್ತು. ಪಾತ್ರೆ ಅಂಗಡಿಯವನಿಗಂತೂ ಹಬ್ಬ. ಜಗತ್ತಿನ ಎಲ್ಲಕ್ಕಿಂತ ವೇಗದ ಫೋನಂತೆ, ಹಲಗೆಯಿಂದ ಗಾದಿಗೆ ಬರಲು ಇನ್ನೂ ಎಷ್ಟು ದಿನ ಬೇಕಂತೆ ಎಂದು ಬಂದುಹೋದವರನ್ನೆಲ್ಲ ಕೇಳುತ್ತಿದ್ದ.

ಅತ್ತ ಅಕ್ಕನಿಗೆ ಪುಣೆಯಿಂದ ಫೋನು ಬರಲು ಶುರುವಾಗಿತ್ತು. ಅವನು ಹಲೋ ಹಲೋ ಎನ್ನುತ್ತಾನೆ, ಇವಳು ಓಣಿಯೆಲ್ಲ ಕೇಳುವಂತೆ ಕೂಗುತ್ತಾಳೆ, ಅವನು ಇಟ್ಟುಬಿಡುತ್ತಾನೆ. ಎದುರು ಮನೆಯವಳ ಫೋನಿನಿಂದ ಮಾಡಿದರೆ ಗುರುತಿಲ್ಲದ ನಂಬರೆಂದು ಅವನು ಎತ್ತಲಿಲ್ಲ. ಮತ್ತೆ ಮತ್ತೆ ಕೇಳಲು ಅಕ್ಕನಿಗೂ ಸಂಕೋಚ, ಕೊಡಲು ಅವಳಿಗೂ ಬೇಸರ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಫೋನು ಕೆಟ್ಟವಳು ಫೋನು ಕೆಟ್ಟದ್ದರಿಂದ ಏನಾಯಿತೆಂದು ಫೋನಿನಲ್ಲಿ ಹೇಗೆ ಹೇಳಬೇಕು?

ಪಕ್ಷ ಮುಗಿಯುವ ಅಮಾವಾಸ್ಯೆಗೆ ಒಂದೆರಡು ದಿನ ಇರುವಾಗ ಅಕ್ಕ ಬಸ್ಸು ಹತ್ತಿ ತಾನೇ ಬಂದಳು. ಕೈಯಲ್ಲಿ ನಮಗಾಗಿ ತಂದ ರೊಟ್ಟಿಯ ಚೀಲ. ಚಹಾದ ಹೊತ್ತು, ಜಗಳ ರಂಗಕ್ಕೇರಿತ್ತು. ಅವಳು ಗಾದಿಯ ಅಂಚಿಗೆ ಕೂತು ಕೇಳಿಸಿಕೊಂಡಳು. ತಮ್ಮ ಟವೆಲ್ಲು ಸರಿಸಿ, ಮುಟ್ಟದೆ, ಬೆರಳು ತೋರಿಸಿ ಅದರ ಮಹಿಮೆಯನ್ನೆಲ್ಲ ಹೇಳಿದ. ಕತ್ತಲಲ್ಲೂ ಫೋಟೋ ಬರುತ್ತದೆ, ನೀರಿಗೆ ಬಿದ್ದರೂ ಏನೂ ಆಗುವುದಿಲ್ಲ, ನಾವು ಕೇಳಿದ್ದಕ್ಕೆಲ್ಲ ಅದು ತಾನೇ ಉತ್ತರ ಕೊಡುತ್ತದೆ.

"ಅದರಾಗ ಮಾತಾಡಿದ್ರ ಆ ಕಡಿ ಕೇಳಸತೈತೇನು?" ಎಂದು ಅಕ್ಕ ಕೇಳಿದಳು.

ಎಲ್ಲರೂ ನಕ್ಕೆವು. ಅದೇನು ದೊಡ್ಡ ಮಾತು, ಎಲ್ಲ ಫೋನಿನಲ್ಲೂ ಕೇಳಿಸುತ್ತದೆ ಎಂದ ತಮ್ಮ.

"ಎಲ್ಲಾದರಾಗೂ ಇಲ್ಲಪ್ಪಾ" ಎಂದಳು ಅಕ್ಕ. ಚಹಾ ಕುಡಿದು, ಕಪ್ಪನ್ನು ಬಸಿಯ ಮೇಲೆ ಮಗುಚಿ ಇಟ್ಟು, ಈಗ ಬರ್ತೀನಿ ಎಂದು ಎದ್ದು ಹೋದಳು. ಡಬ್ಬಿಯ ಪೂಜೆಗೆ ಅರಿಷಿಣ ಕುಂಕುಮ ತರಲು ಹೋಗಿರಬೇಕೆಂದುಕೊಂಡೆವು.

ತಿರುಗಿ ಬಂದಾಗ ಅವಳ ಕೈಯಲ್ಲಿ ಒಂದು ಸಣ್ಣ ಡಬ್ಬಿ ಇತ್ತು. ಹಿಂದಿನ ಓಣಿಯ ಮೊಬೈಲ್ ಅಂಗಡಿಗೆ ಹೋಗಿ ಫೋನು ಕೊಂಡು, ಅಲ್ಲಿಯೇ ಸಿಮ್ಮು ಹಾಕಿಸಿಕೊಂಡು ಬಂದಿದ್ದಳು. ಸಾಧಾರಣ ಫೋನು, ಯಾರೂ ಅದರ ಸುದ್ದಿ ಮೊದಲೇ ಓದಿರಲಿಲ್ಲ, ಯಾವ ಪಕ್ಷದ್ದೂ ಅಲ್ಲ. ಬೆಳಗಿನಿಂದ ನೊಣ ಹೊಡೆಯುತ್ತ ಕೂತಿದ್ದ ಅಂಗಡಿಯವನು, ಪಂಧರವಡಾದಲ್ಲಿ ಬೋಣಿ ಮಾಡಿಸಿದಿರಿ ತಾಯಿ ಎಂದು ದರ ಇಳಿಸಿ, ಮೇಲೆ ಒಂದು ಕವರನ್ನೂ ಕೊಟ್ಟಿದ್ದ. ಅವನಲ್ಲಿ ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಹೊತ್ತು ವರ್ಷದಲ್ಲಿ ಇನ್ನೊಂದಿಲ್ಲ. ಎರಡು ತಲೆಮಾರು ಪೇಟೆಯಲ್ಲಿ ಕೂತ ನಮಗೆ ಅದು ಹೊಳೆದಿರಲಿಲ್ಲ.

ತಮ್ಮನ ಮುಖ ಬಿಳಚಿತು. "ಪಂಧರವಡಾದಾಗ ಯಾಕ ತಗೊಂಡಿ ಯಕ್ಕಾ? ಅಮಾಸಿ ಸೈತ ಆಗಿಲ್ಲ ಇನ್ನ."

ಅಕ್ಕ ಸಿಟ್ಟಾಗಲಿಲ್ಲ. "ಈ ಹದಿನೈದ ದಿನ ಬರಾವ್ರು ಯಾರೋ? ಅಪ್ಪ, ಅವ್ವ, ನಮ್ಮ ಮನಿಯವ್ರು. ನನ್ನ ದನಿ ಪುಣೇಕ್ಕ ಮುಟ್ಟಿದ್ರ ಅವ್ರ್ಯಾಕ ಸಿಟ್ಟ ಮಾಡ್ತಾರ?"

ಅವಳು ಅಲ್ಲಿಯೇ ನಿಂತು ಪುಣೆಗೆ ಹಚ್ಚಿದಳು. ಮರಾಠಿಯಲ್ಲಿ ತನ್ನ ಪರಿಚಯ ಹೇಳಿದಳು, ಅಭ್ಯಾಸಬಲದಿಂದ ಮೊದಲು ಕೂಗಿ, ಆಮೇಲೆ ಕೂಗಬೇಕಾಗಿಲ್ಲ ಎಂದು ತಿಳಿದು ದನಿ ಇಳಿಸಿದಳು. ಅತ್ತಲಿನವನು ಬಹಳ ಹೊತ್ತು ಏನೋ ಹೇಳಿದ. ಇವಳು ಹೋ, ಹೋ ಎನ್ನುತ್ತಿದ್ದಳು.

ಫೋನು ಇಟ್ಟು ಅಕ್ಕ ಹೇಳಿದಳು, "ರೊಟ್ಟಿ ಆರ್ಡರ್ ನಮಗ ಕೊಟ್ಟಾನ. ಚಟ್ನಿ ಹೋತು. ಫೋನ್ ಹಚ್ಚಿ ಹಚ್ಚಿ ಸಾಕಾಗಿ, ಬ್ಯಾರೇದವ್ರಿಗಿ ಹೇಳ್ಯಾನಂತ."

ಅವಳು ಯಾರ ಮುಖವನ್ನೂ ನೋಡಲಿಲ್ಲ. ಅವಳ ಕೈಯ ರುಚಿ ಇರುವುದು ಚಟ್ನಿಯಲ್ಲಿ, ರೊಟ್ಟಿ ಬಡಿಯುವವರು ಬೇರೆ ಎಂಬುದು ನಮಗೆಲ್ಲ ಗೊತ್ತಿತ್ತು. ತಮ್ಮ ಎದ್ದು ಹೋಗಿ ಡಬ್ಬಿಯ ಮೇಲೆ ಟವೆಲ್ಲನ್ನು ಪೂರ್ತಿ ಎಳೆದು ಮುಚ್ಚಿದ. ಊಟ ಮಾಡಿ ಹೋಗು ಎಂದರೆ ಅಕ್ಕ ನಿಲ್ಲಲಿಲ್ಲ, ಮರುದಿನಕ್ಕೆ ಹಿಟ್ಟು ಬೀಸಿಸಬೇಕಿತ್ತು.

ಘಟಸ್ಥಾಪನೆಯ ದಿನ ಅರಿಷಿಣ ಕುಂಕುಮ ಹಚ್ಚಿ ಹೊಸ ಫೋನು ತೆರೆದೆವು. ಒಳಗೆ ಚಾರ್ಜರ್ ಇರಲಿಲ್ಲ. ಎಲ್ಲ ಫೋನುಗಳೂ ಒಂದೊಂದು ಮೆಟ್ಟಿಲು ಇಳಿದವು, ನನ್ನ ಹೆಂಡತಿಯದು ಮಾತ್ರ ಇಳಿಯಲು ಜಾಗವಿಲ್ಲದೆ ಅಂಗಡಿಯ ದುಡ್ಡಿನ ಗಲ್ಲೆಯಲ್ಲಿ ಉಳಿಯಿತು. ಅದು ಇವತ್ತಿಗೂ ಅಲ್ಲಿಯೇ ಇದೆ.

ಈಗ ಮತ್ತೆ ಮಳೆಗಾಲ ಮುಗಿಯುತ್ತ ಬಂದಿದೆ. ಮುಂದಿನದು ಮಡಚುವ ಫೋನಂತೆ. ಪಾತ್ರೆ ಅಂಗಡಿಯವನು, ಮಡಚಿದರೆ ಸೀಳುತ್ತದೆ, ಬರೆದಿಟ್ಟುಕೋ ಎನ್ನುತ್ತಿದ್ದಾನೆ. ಮೊನ್ನೆ ಅಕ್ಕ ರೊಟ್ಟಿ ಮುಚ್ಚಲು ಬಿಳಿ ಬಟ್ಟೆ ಬೇಕೆಂದು ಫೋನು ಮಾಡಿದಳು. ನಾನು ಸ್ಪೀಕರಿಗೆ ಹಾಕಿದ್ದೆ. ತಮ್ಮ ಗಾದಿಯಿಂದಲೇ ಬಾಗಿ, ಈ ಸಲದ್ದು ಪಕ್ಷಕ್ಕೆ ಮೊದಲೇ ಬರುತ್ತದಂತೆ, ತನ್ನ ಈಗಿನದನ್ನು ಯಾರಿಗೂ ಕೊಡದೆ ನೇರವಾಗಿ ಅಕ್ಕನಿಗೇ ಕೊಡುತ್ತೇನೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದು ನನಗೆ ಬರಬೇಕಾದ ಫೋನು, ಆದರೂ ನಾನೂ ಹೂಂ ಎಂದೆ.

"ನಿಮ್ಮದು ಬರ್ಲಿ ಬಿಡ್ರಪ್ಪಾ" ಎಂದಳು ಅಕ್ಕ. "ನನಗ ಗಿರಾಕಿ ಫೋನ್ ಬರಾಕತ್ತೈತಿ. ಇಡ್ತೀನಿ."

ಇಟ್ಟೇಬಿಟ್ಟಳು. ಒಂದೊಂದು ಮಾತೂ ಸ್ವಚ್ಛವಾಗಿ ಕೇಳಿಸಿತ್ತು.