ಹಚ್ಚಿದವನು ನಾನೇ ಕಣ್ರೀ

ಸಿಂಧನೂರಿಗೆ ಬಂದ ಮೊದಲ ದಿನವೇ ನನಗೆ ಫ್ಯಾನಿಗೆ ಬೆಂಕಿ ಇಡಲು ಹೇಳಿದರು.

"ಸರ, ಕುದ್ದು ಹೋಗಾಕತ್ತೀವಿ, ಫ್ಯಾನ್ ಹಚ್ಚ್ರಿ!" ಎಂದು ಇಡೀ ಕ್ಲಾಸು ಒದರಿತು. ನಾನು ಕೊಳ್ಳೇಗಾಲದ ಕಡೆಯವನು. ನಮ್ಮಲ್ಲಿ ದೀಪ ಹಚ್ಚುತ್ತೇವೆ, ಬೀಡಿ ಹಚ್ಚುತ್ತೇವೆ, ಫ್ಯಾನನ್ನು ಮಾತ್ರ ಮರ್ಯಾದೆಯಿಂದ ಹಾಕುತ್ತೇವೆ. ಬಾಯಿ ತೆರೆದು ಮೇಲೆ ನೋಡಿ, "ಯಾಕ್ರಪ್ಪ, ಅಷ್ಟು ಕೆಟ್ಟುಹೋಗಿದೆಯಾ?" ಅಂದೆ. ಮೂವತ್ತು ಜನ ಒಟ್ಟಿಗೆ ನಕ್ಕರು. ಹೊಸ ಇಂಗ್ಲಿಷ್ ಮೇಷ್ಟ್ರಿಗೆ ಕನ್ನಡವೇ ಬರುವುದಿಲ್ಲ ಅನ್ನುವ ಸುದ್ದಿ ನನಗಿಂತ ಮೊದಲು ಟೀ ಅಂಗಡಿ ತಲುಪಿತ್ತು.

ಊರಲ್ಲಿರುವ ನಿಮಗೆ ಈ ಕಡೆಯ ಬಿಸಿಲನ್ನು ವಿವರಿಸುವುದು ಕಷ್ಟ. ನಮ್ಮ ಬಿಸಿಲು ಮೈ ಮೇಲೆ ಬೀಳುತ್ತದೆ, ಇಲ್ಲಿಯದು ಅಟ್ಟಿಸಿಕೊಂಡು ಬಂದು ಹೊಡೆಯುತ್ತದೆ. ಸಂಜೆ ಅದು ಸುಸ್ತಾದಾಗ ಕಾಲುವೆ ಕಡೆಯ ಗದ್ದೆಗಳಿಂದ ಸೊಳ್ಳೆಗಳು ಪಾಳಿ ಬದಲಿಸಲು ಬರುತ್ತವೆ. ಮುದ್ದೆ ನುಂಗಿ ಬೆಳೆದ ನಾನು ಇಲ್ಲಿ ಕಟಿರೊಟ್ಟಿ ಅಗಿಯಬೇಕು. ಒಣಗಿಸಿ ಇಟ್ಟ ಜೋಳದ ರೊಟ್ಟಿ ಅದು. ಮೊದಲನೆಯದನ್ನು ನಾನು ಮುದ್ದೆಯ ಹಾಗೆ ನುಂಗಲು ಹೋದೆ. ಗಂಟಲು ಇವತ್ತಿಗೂ ಆ ದಿನವನ್ನು ಮರೆತಿಲ್ಲ.

ಮನೆ ಹುಡುಕಿದ್ದು ಇದಕ್ಕಿಂತ ದೊಡ್ಡ ಅವಮಾನ. ನಾನು ಪಾಠ ಹೇಳುವ ಕೋಚಿಂಗ್ ಕ್ಲಾಸು ನನ್ನನ್ನು ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಕಡೆ ಓಡಾಡಿಸುತ್ತಿತ್ತು, ಹಾಗಾಗಿ ಮೂರೂ ಕಡೆ ಬಾಗಿಲು ತಟ್ಟಿದೆ. ಲಿಂಗಸುಗೂರಿನಲ್ಲಿ ನನ್ನ ಕುಲ ಕೇಳಿದರು, ಮಸ್ಕಿಯಲ್ಲಿ ನನ್ನ ಹೆಂಡತಿಯನ್ನು ಕೇಳಿದರು. ಮೊದಲನೆಯದನ್ನು ಹೇಳಲಿಲ್ಲ, ಎರಡನೆಯದು ಇರಲಿಲ್ಲ. ಕೊನೆಗೆ ಸಿಂಧನೂರಿನಲ್ಲಿ ಶರಣಮ್ಮನವರು, ಹಣೆ ತುಂಬ ವಿಭೂತಿ, ಸೊಂಟದಲ್ಲಿ ಕೀಲಿ ಗೊಂಚಲು, ಮಾಳಿಗೆ ಮೇಲಿನ ಖೋಲಿ ತೋರಿಸಿದರು. ಖೋಲಿ ಅಂದರೆ ಕೋಣೆ.

"ಹುಣ್ಣಿಮಿ ತನಕ ಇರು. ನಡತಿ ನೋಡಿ ಮುಂದಿಂದು ಹೇಳ್ತೀನಿ. ಜಗಳ ಗಿಗಳ ನಮ್ಮ ಮನ್ಯಾಗ ನಡ್ಯಾಂಗಿಲ್ಲ ಮತ್ತ."

ಮೂರು ಊರುಗಳಲ್ಲಿ ನನಗೆ ತೆರೆದ ಒಂದೇ ಬಾಗಿಲು ಅದು. ಅದೂ ಮುಚ್ಚಿಕೊಂಡರೆ ಕೆಲಸ ಬಿಟ್ಟು ಕೊಳ್ಳೇಗಾಲದ ಬಸ್ಸು ಹತ್ತುವುದೊಂದೇ ದಾರಿ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಟಾಟಾ ಮಾಡಿದವನಿಗೆ ಅದು ದಾರಿಯೇ ಅಲ್ಲ. ಆದ್ದರಿಂದ ನಾನು ಶರಣಮ್ಮನವರ ಮುಂದೆ ಹಸುವಿನ ಹಾಗೆ ನಡೆದೆ. ಬಿಂದಿಗೆ ಹೊತ್ತೆ. ಅವರ ಕರೆಂಟ್ ಬಿಲ್ ಕಟ್ಟಲು ಸಾಲಿನಲ್ಲಿ ನಿಂತೆ. ಅವರು ಬೈದರೆ, "ಹೌದ್ರೀ" ಅಂದೆ.

ಕ್ಲಾಸಿನಲ್ಲಿ ಆ ವಾರ ನಾನು ‘ಸ್ಟಾರ್ಟ್’ ಅನ್ನುವ ಪದ ಹಿಡಿದುಕೊಂಡಿದ್ದೆ. ಬಿಗಿನ್ ಅಂದರೂ ಅದೇ ಅರ್ಥ, ಆದರೆ ಬೈಕನ್ನು ಸ್ಟಾರ್ಟ್ ಮಾಡಬಹುದು, ಬಿಗಿನ್ ಮಾಡಲಾಗದು. ಅಂಗಡಿಯೂ ಸ್ಟಾರ್ಟ್, ಊರಿಗೆ ಹೊರಟರೂ ಸ್ಟಾರ್ಟ್, ಬೆಚ್ಚಿಬಿದ್ದರೂ ಸ್ಟಾರ್ಟ್. ತಾನಾಗಿಯೂ ಸ್ಟಾರ್ಟ್ ಆಗುತ್ತದೆ, ಯಾರೋ ಮಾಡಿದರೂ ಆಗುತ್ತದೆ. ಹೀಗೆ ಬೆವರು ಸುರಿಸಿ ಹೇಳುತ್ತಿದ್ದಾಗ ಮಸ್ಕಿಯಿಂದ ಬರುವ ರೇಣುಕಾ ಎದ್ದಳು. ಪಾಠ ಕೇಳುವುದಕ್ಕಿಂತ ನನ್ನನ್ನು ಕೆಣಕುವುದಕ್ಕೇ ಫೀಸು ಕಟ್ಟಿದ ಹುಡುಗಿ.

"ಇಷ್ಟಕ್ಕ ಯಾಕ್ರಿ ಸರ ಅಷ್ಟ್ ಒದರಾಕತ್ತೀರಿ? ಇದು ನಮ್ಮ ಹಚ್ಚೂದು. ಫೋನ್ ಹಚ್ಚತೀವಿ, ಹುಡುಗರನ್ನ ಸಾಲಿಗೆ ಹಚ್ಚತೀವಿ, ಗದ್ದ್ಯಾಗ ನೆಲ್ಲು ಹಚ್ಚತೀವಿ. ತಾನ ಆದ್ರ ಹತ್ತೂದು. ಮಳಿ ಹತ್ತತೈತಿ, ನಿದ್ದಿ ಹತ್ತತೈತಿ. ನಿಮ್ಮ ಕ್ಲಾಸಿನ್ಯಾಗಂತೂ ಲಗೂನ ಹತ್ತತೈತಿ."

ಒಪ್ಪಿಕೊಂಡೆ. ಗದ್ದೆಗೆ ಭತ್ತ ನೆಡುವುದೂ ಶಾಲೆಗೆ ಸೇರಿಸುವುದೂ ಒಂದೇ ಪದದಲ್ಲಿ ಆಗುವ ಊರಿಗೆ ನನ್ನ ಇಂಗ್ಲಿಷ್ ಯಾಕೆ ಬೇಕು ಅನ್ನಿಸಿತು. ಆದರೆ ರೇಣುಕಾ ಹೇಳಿದ್ದರಲ್ಲಿ ಒಂದು ಬಿಟ್ಟುಹೋಗಿತ್ತು. ಅದು ನನಗೆ ಭಾನುವಾರ ತಿಳಿಯಿತು.

ಭಾನುವಾರ ಶರಣಮ್ಮನವರು ಸುಸಲಾ ಮಾಡಲು ಮಂಡಕ್ಕಿ ನೆನೆಹಾಕಿದ್ದರು. ನಮ್ಮ ಕಡೆ ಅವಲಕ್ಕಿ ಒಗ್ಗರಣೆ ಇದ್ದ ಹಾಗೆ ಇಲ್ಲಿ ಮಂಡಕ್ಕಿಯ ಸುಸಲಾ. ಹುಣ್ಣಿಮೆ ಹತ್ತಿರ ಬಂದಿತ್ತು. ನಡತೆಗೆ ಒಂದಿಷ್ಟು ಅಂಕ ಸಿಗಲಿ ಎಂದು ಈರುಳ್ಳಿ ನನಗೆ ಕೊಡಿ ಅಂದೆ, ಹಿತ್ತಲಿನ ಕಟ್ಟೆಯ ಮೇಲೆ ಕೂತೆ. ಇಲ್ಲಿ ಅದು ಉಳ್ಳಾಗಡ್ಡಿ, ಅದನ್ನು ಕೊಯ್ಯುತ್ತಾರೆ. ನಮ್ಮ ಕಡೆ, ನಿಮಗೇ ಗೊತ್ತಲ್ಲ, ಪುಸ್ತಕದ ‘ಹೆಚ್ಚು’ ಬಾಯಿಗೆ ಬರುವಷ್ಟರಲ್ಲಿ ‘ಹಚ್ಚು’ ಆಗಿರುತ್ತದೆ. ನಾವು ಈರುಳ್ಳಿ ಹಚ್ಚುವ ಜನ.

ನಾನು ಹಿತ್ತಲಲ್ಲಿ ಅಳುತ್ತಾ ಹಚ್ಚುತ್ತಿದ್ದಾಗ ಮುಂಬಾಗಿಲಲ್ಲಿ ಪಕ್ಕದ ಮನೆಯ ಗೌರಮ್ಮ ಬಂದು ನಿಂತಿದ್ದರು. ಆ ಮಾತುಕತೆ ನನಗೆ ಆಮೇಲೆ ಇಡೀ ಓಣಿ ಸೇರಿ ವರದಿ ಮಾಡಿದ್ದು.

"ಏನಬೇ ಶರಣವ್ವಾ, ನನ್ನ ಸೊಸಿ ಮಾಡಿದ ರೊಟ್ಟಿ ನಾಯಿ ಸೈತ ಮೂಸಂಗಿಲ್ಲ ಅಂದಿಯಂತ?"

"ಯಾವ ಬಾಯಿಲೆ ಅಂದೀನಿ? ಲಿಂಗದಾಣಿ ನಾ ಅಂದಿಲ್ಲ."

"ಹಂಗಾರ ಸುದ್ದಿ ಹಾರಿಕೋತ ಬಂತೇನು?"

"ನಮ್ಮಿಬ್ಬರ ನಡುವ ಯಾರೋ ಬೇಕಂತ ಹಚ್ಚ್ಯಾರ. ಹಚ್ಚಿದ್ದು ಯಾರು? ಮೊದಲ ಅದನ್ನ ಹೇಳು, ಹಚ್ಚಿದ್ದು ಯಾರು?"

ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಕಣ್ಣು ಒರೆಸಿಕೊಳ್ಳುತ್ತಾ ಒಳಗೆ ಬಂದ ನನ್ನ ಕಿವಿಗೆ ಬಿದ್ದದ್ದು ಕೊನೆಯ ಎರಡು ಶಬ್ದ ಮಾತ್ರ. ಶಹಬ್ಬಾಸ್ ಸಿಗುವ ಗಳಿಗೆ ಬಂತು ಎಂದುಕೊಂಡೆ.

"ನಾನೇ ಕಣ್ರೀ ಹಚ್ಚಿದ್ದು!"

ಇಬ್ಬರೂ ನನ್ನ ಕಡೆ ತಿರುಗಿದರು.

"ನೀ ಹಚ್ಚೀದಿ?" ಅಂದರು ಶರಣಮ್ಮ, ದನಿ ತಗ್ಗಿಸಿ.

"ಬೆಳಗ್ಗೆಯಿಂದ ಅದೇ ಕೆಲಸ. ಕಣ್ಣಲ್ಲಿ ನೀರು ಬಂತು, ಆದ್ರೂ ಬಿಡಲಿಲ್ಲ. ನಮ್ಮವ್ವ ಚಿಕ್ಕಂದಿನಲ್ಲೇ ಕಲಿಸಿಕೊಟ್ಟಿದ್ದು. ಸಾಲದಿದ್ರೆ ಹೇಳಿ, ಪಕ್ಕದ ಮನೆಗೂ ಒಂದಿಷ್ಟು ಹಚ್ಚಿಕೊಡ್ತೀನಿ."

"ಅವರವ್ವ ಕಲಿಸ್ಯಾಳಂತ!" ಗೌರಮ್ಮ ಎದೆ ಬಡಿದುಕೊಂಡರು. "ಎಂಥಾ ಮನೆತನಬೇ ಇದು, ತಾಯಿನ ಜಗಳ ಹಚ್ಚೂದು ಕಲಿಸ್ಯಾಳ!"

ಜಗಳ ಅನ್ನುವ ಪದ ಕೇಳಿದಾಗಷ್ಟೇ ನನ್ನ ತಲೆಗೆ ಹೊಳೆಯಿತು. ಇಲ್ಲಿ ಚಾಡಿ ಹೇಳಿ ಜಗಳ ತಂದಿಡುವುದನ್ನೂ ಹಚ್ಚುವುದು ಅನ್ನುತ್ತಾರೆ. "ಅಲ್ಲ ಕಣ್ರೀ, ಈರುಳ್ಳಿ, ಈರುಳ್ಳಿ" ಎಂದು ತೊದಲಿದೆ. ಯಾರು ಕೇಳುತ್ತಾರೆ?

"ಹುಣ್ಣಿಮಿ ಬ್ಯಾಡ, ಏನ್ ಬ್ಯಾಡ," ಅಂದರು ಶರಣಮ್ಮ. "ನಾಳಿ ಸಂಜಿ ಒಳಗ ಖೋಲಿ ಖಾಲಿ ಮಾಡು."

ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳಿಗೆ ಸಂತೋಷವೇ ಆದ ಹಾಗಿತ್ತು. "ಬಂದ್ಬುಡು ಮಾದೇಸ. ಅಲ್ಲೇನು ಕಡುದು ಕಟ್ಟೆ ಹಾಕ್ಬೇಕಾಗೈತೆ? ನಾಡಿದ್ದು ಒಂದು ಕೋಳಿ ಕುಯ್ಸ್ತೀನಿ" ಅಂದಳು.

ಮರುದಿನ ಟೀ ಅಂಗಡಿಯಲ್ಲಿ ನನಗೆ ಹೆಸರು ಇಟ್ಟಾಗಿತ್ತು: ಹಚ್ಚು ಮಾಸ್ತರ. ನಾನು ಕೂತ ಬೆಂಚಿನಿಂದ ಇಬ್ಬರು ಎದ್ದುಹೋದರು. "ಇಂವನ ಬಾಜೂಕ ಕುಂತ್ರ ಅಣ್ಣತಮ್ಮಂದಿರನ್ನೂ ಬ್ಯಾರಿ ಮಾಡ್ಯಾನು" ಎಂದು ಒಬ್ಬ ಅಂದ. ಕ್ಲಾಸಿನಲ್ಲಿ ರೇಣುಕಾ ಬೆಂಚಿಗೆ ಹಣೆ ಹಚ್ಚಿ ನಕ್ಕಳು. "ಬಾಯಿಲೆ ಹೇಳಿದ್ರ ನಿಮ್ಮನ್ನ ಯಾರೂ ನಂಬಂಗಿಲ್ರಿ ಸರ. ಮಾಡಿ ತೋರಿಸ್ರಿ" ಅಂದಳು. ಅವಳು ಚೇಷ್ಟೆಗೆ ಅಂದದ್ದು. ನಾನು ಅದನ್ನು ಸಲಹೆ ಎಂದುಕೊಂಡೆ.

ಸಂಜೆ ಒಂದು ಕೈಯಲ್ಲಿ ಈರುಳ್ಳಿ, ಇನ್ನೊಂದು ಕೈಯಲ್ಲಿ ಚಾಕು ಹಿಡಿದು ಓಣಿಗೆ ಬಂದೆ. ಗೌರಮ್ಮ ಕಟ್ಟೆಯ ಮೇಲಿದ್ದರು. ಅವರಿಗೆ ಕಂಡದ್ದು ಚಾಕು ಮಾತ್ರ.

"ಯವ್ವಾ! ಚಾಕು ತೊಗೊಂಡು ಬಂದಾನ, ಬರ್ರಿ ಯಾರಾರ!"

ಇಡೀ ಓಣಿ ಹೊರಗೆ ಬಂತು. ಶರಣಮ್ಮ ಒನಕೆ ಹಿಡಿದು ಬಂದರು. ನಾನು ಅಲ್ಲೇ ನಡುಬೀದಿಯಲ್ಲಿ ಕೂತು, ತಟ್ಟೆಯೂ ಇಲ್ಲದೆ, ಹೆಗಲ ಚೀಲದಲ್ಲಿದ್ದ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಈರುಳ್ಳಿ ಇಟ್ಟು ಕೂಗಿದೆ: "ನೋಡಿ, ನಮ್ಮ ಕಡೆ ಹಚ್ಚೋದು ಅಂದ್ರೆ ಇದು! ಇಷ್ಟೇ!"

ಈರುಳ್ಳಿ ಎರಡು ಸಲ ಉರುಳಿ ಓಡಿಹೋಯಿತು, ಓಡಿಸಿಕೊಂಡು ಹೋಗಿ ಹಿಡಿದು ತಂದೆ. ಮೂರನೆಯ ಸಲಕ್ಕೆ ಹೆಬ್ಬೆರಳು ಕೊಯ್ದುಕೊಂಡೆ. ಮುಚ್ಚಳದ ಮೇಲೆ ಬಿದ್ದ ಹೋಳುಗಳಲ್ಲಿ ಒಂದು ಇನ್ನೊಂದರ ಹಾಗಿರಲಿಲ್ಲ.

ಗೌರಮ್ಮ ಬಗ್ಗಿ ಒಂದು ಹೋಳು ಎತ್ತಿ ಎಲ್ಲರಿಗೂ ತೋರಿಸಿದರು. "ನಿನ್ನಿ ನಿನ್ನ ಸುಸಲಾದಾಗ ಹಾಕಿದ್ದು ಇಂಥಾವ ಏನಬೇ ಶರಣವ್ವಾ?"

"ಇಂಥಾವ. ನಾ ದನಕ್ಕ ಹಾಕಿದೆ."

"ಇಂವಗ ಒಂದು ಉಳ್ಳಾಗಡ್ಡಿ ಕೊಯ್ಯಾಕ ಬರಂಗಿಲ್ಲ, ಇಂವ ಏನ್ ಜಗಳ ಹಚ್ಚತಾನ ಬಿಡ. ಜಗಳ ಹಚ್ಚಾಕ ಅಕಲ್ ಬೇಕು."

ಅಕಲ್ ಅಂದರೆ ಬುದ್ಧಿ. ಅದು ನನಗಿಲ್ಲ ಎಂದು ಓಣಿ ಒಮ್ಮತದಿಂದ ತೀರ್ಮಾನಿಸಿತು. ಜೀವನದಲ್ಲಿ ಯಾವ ಬೈಗುಳವೂ ನನಗೆ ಅಷ್ಟು ಒಳ್ಳೆಯದು ಮಾಡಿಲ್ಲ. ಶರಣಮ್ಮ ಒನಕೆ ಕೆಳಗಿಟ್ಟು, "ಬಿದ್ದಿರು ಮ್ಯಾಲ. ಹುಣ್ಣಿಮಿ ಆದ ಮ್ಯಾಲೂ ಇರು. ಚಾಕು ಮಾತ್ರ ಮುಟ್ಟಬ್ಯಾಡ" ಅಂದರು. ಆಮೇಲೆ ಇಬ್ಬರಿಗೂ ಒಮ್ಮೆಗೇ ಇನ್ನೊಂದು ನೆನಪಾಯಿತು. "ಹಂಗಾರ ಹಚ್ಚಿದ್ದು ಯಾರಬೇ?" ಎಂದು ಒಬ್ಬರ ಮುಖ ಒಬ್ಬರು ನೋಡಿ, ಸೆರಗು ಬಿಗಿದು, ಜೋಡಿಯಾಗಿ ಮೂರನೆಯ ಮನೆಯ ಕಡೆ ನಡೆದರು.

ಮೇಲೆ ಬಂದು ಕಟ್ಟಿಟ್ಟ ಸಾಮಾನು ಬಿಚ್ಚತೊಡಗಿದೆ. ಇಲ್ಲಿಯವರಿಗೆ ನಾನು ಇಷ್ಟವಾಗಿದ್ದೇನೆ ಎಂದು ತಪ್ಪು ತಿಳಿಯಬೇಡಿ. ಬೀದಿಯ ಲೈಟಿನ ಕಂಬವನ್ನು ಸಹಿಸುವಷ್ಟು ಸಹಿಸುತ್ತಾರೆ, ಅಷ್ಟೆ. ನನಗೂ ಈ ಊರೆಂದರೆ ಅಷ್ಟಕ್ಕಷ್ಟೇ. ಆದರೂ ಕಿಟಕಿಗೆ ಒಣಹಾಕಿದ್ದ ಟವೆಲನ್ನು ಮತ್ತೆ ಬಾಗಿಲ ಹಿಂದಿನ ಮಾಮೂಲಿ ಮೊಳೆಗೆ ತೂಗುಹಾಕುವಾಗ ಕೈ ಹುಡುಕಾಡಲಿಲ್ಲ.

ಅಷ್ಟರಲ್ಲಿ ಅವ್ವನ ಫೋನು. ಖೋಲಿ ಉಳಿಯಿತು ಎಂದು ಅವಳಿಗೆ ಹೇಳಬೇಕು, ಕೋಳಿಯ ವಿಷಯವನ್ನು ಅವಳು ಎತ್ತುವ ಮೊದಲೇ ಹೇಳಬೇಕು. "ಅವ್ವಾ" ಅಂದೆ, ಅಷ್ಟಕ್ಕೇ ಕೆಳಗಿನಿಂದ ಶರಣಮ್ಮನವರ ಗಂಟಲು ಕೇಳಿಸಿತು.

"ಏ ಮಾಸ್ತರ! ರೊಟ್ಟಿ ತಿನ್ನಾಕ ಬರತೀಯೋ, ನಾಯಿಗೆ ಹಾಕಲೋ?"

"ಬರಾಕತ್ತೀನ್ರೀ!" ಎಂದು ಕೂಗಿದೆ.

ಇಲ್ಲಿಯವರ ಬಾಯಲ್ಲಿ ಇದು ಬರಲು ಹತ್ತಿದ್ದೇನೆ, ಬರುವ ಕೆಲಸ ಶುರು ಮಾಡಿದ್ದೇನೆ ಅನ್ನುವುದರ ಮೊಟಕು. ನಾನು ಅದನ್ನು ಕಲಿತದ್ದು ಯಾವಾಗ ಅನ್ನುವುದು ನನಗೇ ತಿಳಿಯದು. ಫೋನು ಕಿವಿಯಲ್ಲೇ ಇತ್ತು.

"ಬತ್ತಾವ್ನೆ, ಬತ್ತಾವ್ನೆ!" ಅವ್ವ ಅತ್ತ ಯಾರಿಗೋ ಕೂಗಿ ಹೇಳಿ, ನನ್ನನ್ನು ಕೇಳಿದಳು. "ಎಷ್ಟೊತ್ಗೆ ಬಸ್ಸು ಮಗ?"