ಹದಿನೈದು ಅಡಿಯ ಇಳಿಜಾರು

ಇವತ್ತು ಬ್ಯಾಂಕಿನ ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆಂದು ಇಳಿಜಾರು ಕಟ್ಟುತ್ತಿದ್ದರು. ಹಸಿ ಸಿಮೆಂಟಿನ ವಾಸನೆಗೆ ಸಾಂಕೋಲೆ ಊರಿನಲ್ಲಿದ್ದ ನಮ್ಮ ಹಳೆಯ ಮನೆ ನೆನಪಾಯಿತು.

ಅಕ್ಕನಿಗೆ ಪೋಲಿಯೊ ಆಗಿತ್ತು. ಅವಳ ಮೂರು ಗಾಲಿಯ ಸೈಕಲ್ಲಿಗಾಗಿ, ಗೌಂಡಿಯಾಗಿದ್ದ ಅಪ್ಪ ಬಾಗಿಲಿಗೊಂದು ಇಳಿಜಾರು ಹಾಕಿದ. ಅವ್ವ ಹಿಂದಿನಿಂದ ನೂಕದೆ ಸೈಕಲ್ ಅದನ್ನು ಏರುತ್ತಿರಲಿಲ್ಲ.

ಅಕ್ಕ ಶಾಲೆಯಲ್ಲಿ ಕಲಿತ ಲೆಕ್ಕ ಹಾಕಿದಳು. "ಅಪ್ಪಾ, ಎತ್ತರ ಒಂದೂವರಿ ಅಡಿ, ನೆಲದ ಮ್ಯಾಲಿನ ಉದ್ದ ಮೂರಡಿ. ಎತ್ತರಾನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದ್ರ ಏರು ಐವತ್ತು ಪರ್ಸೆಂಟ್ ಆಗತೈತಿ. ಉದ್ದ ಹದಿನೈದು ಅಡಿ ಮಾಡಿದ್ರ ಹತ್ತ ಪರ್ಸೆಂಟ್. ಆಗ ನಾನ ಏರತೇನಿ."

"ಅಷ್ಟುದ್ದ ಅಂದ್ರ ಹಸೀನಾಬಿ ಅಂಗಳಕ್ಕ ಹೋಗತೈತಲ್ಲವಾ," ಎಂದ ಅಪ್ಪ.

ಪಕ್ಕದ ಮನೆಯ ಹಸೀನಾಬಿಗೆ ಅದು ಕೇಳಿಸಿತು. ಹೊರಗೆ ಬಂದು, ನೀರು ಕಾಯಿಸುವ ತಮ್ಮ ಒಲೆಯ ಕಲ್ಲುಗಳನ್ನು ತಾವೇ ಎತ್ತಿ ಗೋಡೆಯ ಕಡೆ ಸರಿಸಿದರು. "ಹಾಕ್ರಿ ಅಣ್ಣಾರ, ನನ್ನ ಒಲಿ ಇಲ್ಲೇ ಇರಲಿ," ಎಂದರು.

ಸಿಮೆಂಟ್ ಗಟ್ಟಿಯಾದ ಮೇಲೆ ಅವ್ವ ರೂಢಿಯಂತೆ ಸೈಕಲ್ಲಿನ ಹಿಂದೆ ನಿಂತಳು.

"ಬಿಡವ್ವಾ," ಎಂದಳು ಅಕ್ಕ. ಒಬ್ಬಳೇ ನಿಧಾನವಾಗಿ ಏರಿ, ಹೊಸ್ತಿಲಲ್ಲಿ ತಿರುಗಿ ನಕ್ಕಳು.

ಈಗಲೂ ನನಗೆ ಮೊದಲು ಕಣ್ಣ ಮುಂದೆ ಬರುವುದು ಅವ್ವನ ಕೈಗಳು. ನೂಕಲು ಏನೂ ಇಲ್ಲದಿದ್ದರೂ ಅವು ಹಾಗೇ ಮುಂದಕ್ಕೆ ಚಾಚಿಕೊಂಡಿದ್ದವು.