ಕಚ್ಚದ ಡಬ್ಬಿ

ಯಮುನಕ್ಕ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದದ್ದನ್ನು ನಾನು ನೋಡಿಲ್ಲ. ಹೊಸ್ತಿಲಾಚೆ ಬಿಟ್ಟು, ಬರಿಗಾಲಲ್ಲಿ ಒಳಗೆ ಹೋಗಿ ಸ್ವಿಚ್ಚು ಹಾಕುತ್ತಿದ್ದರು. ಆಮೇಲೆ ಬಲಗೈಯ ಹಿಂಬದಿಯನ್ನು ಮೇಜಿನ ಕೆಳಗಿನ ಕಪ್ಪು ಕ್ಯಾಬಿನೆಟ್ಟಿಗೆ ತಾಗಿಸಿ, ಜ್ವರ ಬಂದ ಮಗುವಿನ ಹಣೆ ನೋಡುವವರ ಹಾಗೆ ಒಂದು ಕ್ಷಣ ತಡೆದು, "ಸರಿ ಉಂಟು" ಎನ್ನುತ್ತಿದ್ದರು. ಅದಾದ ಮೇಲೆಯೇ ಕುರ್ಚಿ. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋದೆ. ಅವರು ಬೈಯಲಿಲ್ಲ, ನನ್ನ ಕಾಲನ್ನೇ ನೋಡುತ್ತ ಕೂತರು. ನಾನೇ ನಾಚಿ ಹೊರಗೆ ಬಿಟ್ಟು ಬಂದೆ.

ಅವರ ಮನೆ ಲೋಕಲ್ ರೈಲಿನ ಠಾಕುರ್ಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿತ್ತು. ಊರು ಕಾರ್ಕಳದ ಕಡೆ. ಗಂಡ ತೀರಿಕೊಂಡ ಮೇಲೆ ಮನೆಯ ಹೊರಕೋಣೆಯಲ್ಲೇ ಕನ್ನಡ ಮದುವೆ ಕಾಗದಗಳನ್ನು ಅಕ್ಷರ ಜೋಡಿಸಿ ಕೊಡುವ ಕೆಲಸ ಹಿಡಿದಿದ್ದರು. ಆ ರೈಲುದಾರಿಯ ಠಾಣೆ ಊರಿನಿಂದ ಬದಲಾಪುರದವರೆಗೆ ಉಡುಪಿ ಕಡೆಯ ಹೋಟೆಲಿನವರೂ ಬರುತ್ತಿದ್ದರು, ಕಲಬುರಗಿ, ರಾಯಚೂರು ಕಡೆಯ ಕೂಲಿಯವರೂ ಬರುತ್ತಿದ್ದರು. ಇಲ್ಲೇ ಹುಟ್ಟಿದ ಮದುಮಗಳಿಗೆ ಕನ್ನಡ ಓದಲು ಬಾರದಿದ್ದರೂ ಊರಿಗೆ ಹೋಗುವ ಕಾಗದ ಕನ್ನಡದಲ್ಲೇ ಇರಬೇಕು. ಆ ಮದುಮಗಳೇ ಬಂದು ತನ್ನ ಹೆಸರಿನ ಮೇಲೆ ಬೆರಳಿಟ್ಟು ಹೌದೆಂದು ಹೇಳುವ ತನಕ ಯಮುನಕ್ಕ ಪ್ರೆಸ್ಸಿಗೆ ಕಳಿಸುತ್ತಿರಲಿಲ್ಲ.

ಯಾವುದನ್ನೂ ಅವರು ಓದಿ, ಕೇಳಿ ನಂಬುತ್ತಿರಲಿಲ್ಲ. ಕಾಗದದ ದಪ್ಪ, ಬಂಗುಡೆಯ ತಾಜಾತನ, ದೋಸೆ ಕಾವಲಿಯ ಬಿಸಿ ಎಲ್ಲದಕ್ಕೂ ಕೈಯೇ ಪರೀಕ್ಷೆ. "ಬಾಯಿ ಎಂತ ಬೇಕಾದ್ರೂ ಹೇಳ್ತದೆ ಮಾರಾಯ್ತಿ, ಕೈ ಹೇಳುವುದಿಲ್ಲ" ಎನ್ನುತ್ತಿದ್ದರು. ಇನ್ನು ತಪ್ಪು ಒಪ್ಪಿಕೊಳ್ಳುವುದೆಂದರೆ ಅವರ ಜಾತಕದಲ್ಲೇ ಇರಲಿಲ್ಲ. ಒಮ್ಮೆ ಮದುಮಗನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿ ಕಾಗದವೆಲ್ಲ ಅಚ್ಚಾಗಿ ಬಂದಿತ್ತು. ಹುಡುಗನ ಮನೆಯವರು ಜಗಳಕ್ಕೆ ಬಂದರು. ಯಮುನಕ್ಕ ಅವರಿಗೆ ಚಹಾ ಕೊಟ್ಟು, ಇಷ್ಟು ವರ್ಷ ನೀವೇ ತಪ್ಪು ಬರೆಯುತ್ತಿದ್ದಿರಿ ಎಂದು ಮನವರಿಕೆ ಮಾಡಿ ಕಳಿಸಿದರು. ಹೋಗುವಾಗ ಅವರು ಥ್ಯಾಂಕ್ಸ್ ಬೇರೆ ಹೇಳಿದರು! ನಾನು ಕಣ್ಣು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದೆ.

ಒಂದು ವರ್ಷ ಕಂಪ್ಯೂಟರಿನ ಪವರ್ ಸಪ್ಲೈ ಕೆಟ್ಟಿತು. ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆ ಹಂಚುವ ತಗಡಿನ ಡಬ್ಬಿ ಅದು. ಕಲ್ಯಾಣದ ಅಂಗಡಿಯವನು ಒಂದು ಭಾರದ ಡಬ್ಬಿ ಕೂರಿಸಿ ಹೋದ. ಮರುದಿನ ಯಮುನಕ್ಕ ಎಂದಿನಂತೆ ಕೈ ತಾಗಿಸಿದರು, ಜುಮ್ಮೆಂದಿತು. ನಾನೂ ಮುಟ್ಟಿದೆ, ಇರುವೆ ಹರಿದಂತಾಯಿತು. ಅವರಿಗೆ ಅದು ಅವಮಾನವೇ ಆಗಿಹೋಯಿತು. ಹೊಸ ಡಬ್ಬಿ ಕಚ್ಚುವುದೆಂದರೇನು ಎಂದು ಅದನ್ನು ಬಿಚ್ಚಿಸಿ, ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು ಲೋಕಲ್ ಹತ್ತಿದರು.

ಅಂಗಡಿಯಲ್ಲಿ ಒಂದು ಉದ್ದನೆಯ ವಯರಿಗೆ ಡಬ್ಬಿಗಳನ್ನು ಒಂದೊಂದಾಗಿ ಸಿಕ್ಕಿಸಲು ಹೇಳಿದರು. ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿ, ನಡು ಅಂಗಡಿಯಲ್ಲಿ ಬರಿಗಾಲಲ್ಲಿ ನಿಂತು ಒಂದೊಂದನ್ನೇ ಕೈಯ ಹಿಂಬದಿಯಿಂದ ಮುಟ್ಟಿದರು. ಗಿರಾಕಿಗಳು ಸುತ್ತ ನೆರೆದರು. ಒಳ್ಳೆಯ ಕಂಪನಿಯವು, ಸರ್ಕಾರಿ ಮುದ್ರೆ ಇದ್ದವು, ಎಲ್ಲ ಜುಮ್ಮೆಂದವು. ಮೂಲೆಯಲ್ಲಿದ್ದ ಒಂದು ಹಗುರ ಡಬ್ಬಿ ಮಾತ್ರ ತಣ್ಣಗಿತ್ತು. ಅಂಗಡಿಯವನು ಅದು ಬೇಡ, ಮೊದಲು ಮನೆಯಲ್ಲಿ ಅರ್ಥಿಂಗ್ ಮಾಡಿಸಿ ಎಂದು ಹಿಂದಿಯಲ್ಲಿ ಗೊಣಗಿದ. ಯಮುನಕ್ಕ ಅದನ್ನು ದೊಡ್ಡ ಡಬ್ಬಿ ಮಾರುವವನ ಕುಂಟುನೆಪ ಎಂದುಕೊಂಡರು. "ಇದು ಪಾಪದ್ದು. ಕಚ್ಚುವುದಿಲ್ಲ. ಇದೇ ಇರಲಿ" ಎಂದರು.

ಆಮೇಲೆ ಕೆಲವು ತಿಂಗಳು ಅದರದ್ದೇ ಗುಣಗಾನ. ಆಗಲೇ ಬದಲಾಪುರದ ಶರಣಪ್ಪ ಬಂದದ್ದು. ಸೇಡಂ ಕಡೆಯವನು, ಗೋದಾಮಿನಲ್ಲಿ ಲೋಡಿಂಗ್ ಕೆಲಸ. ದೊಡ್ಡ ಮಗಳ ಮದುವೆ ಕಾಗದ ನಮ್ಮಲ್ಲೇ ಆಗಿತ್ತು. ಈಗ ಚಿಕ್ಕವಳು ಭಾಗ್ಯಶ್ರೀ ಅಕೌಂಟ್ಸ್ ಕಲಿಯಲು ಕಂಪ್ಯೂಟರ್ ಬೇಕೆಂದಿದ್ದಳು. ಯಮುನಕ್ಕ ತಾವೇ ಅಂಗಡಿಗೆ ಹೋಗಿ, ಮತ್ತೆ ಬರಿಗಾಲಲ್ಲಿ ನಿಂತು, ಅಂಥದ್ದೇ ಇನ್ನೊಂದು ಡಬ್ಬಿ ಆರಿಸಿಕೊಟ್ಟರು. ಶರಣಪ್ಪ ಅಂಗಡಿಯಲ್ಲೇ ಅವರ ಕಾಲು ಮುಟ್ಟಿದ.

ಒಂದು ಮಧ್ಯಾಹ್ನ ಊಟ ಮುಗಿಸಿ ಅವರು ಕೆಲಸಕ್ಕೆ ಕೂರಲು ಹೊರಟಿದ್ದರು. ಸ್ವಿಚ್ಚು ಹಾಕಿದರು, ಕೈ ತಾಗಿಸಿದರು. ಆ ಸದ್ದು ಹೇಗಿತ್ತೆಂದು ನನಗೆ ಈಗಲೂ ಹೇಳಲು ಬರುವುದಿಲ್ಲ. ಕೈ ಎಗರಿತು, ಮೈ ಹಿಂದಕ್ಕೆ ಹಾರಿ ಗೋಡೆಗೆ ಬಡಿಯಿತು. ನಾನು ಓಡಿ ಮೇನ್ ಸ್ವಿಚ್ಚು ಇಳಿಸಿದೆ. ಕೋಣೆಯ ತುಂಬ ಸುಟ್ಟ ವಾಸನೆ. ಯಮುನಕ್ಕ ಕಣ್ಣು ತೆರೆದೇ ಇದ್ದರು, ಆದರೆ ನನ್ನನ್ನು ಯಾರೋ ಎಂಬಂತೆ ನೋಡುತ್ತಿದ್ದರು. ಅಂಗೈಯಿಂದ ಹಿಡಿದಿದ್ದರೆ ಬಿಡಲು ಬರುತ್ತಲೇ ಇರಲಿಲ್ಲ, ಹಿಂಬದಿ ತಾಗಿಸಿದ್ದಕ್ಕೆ ಉಳಿದರು ಎಂದು ಡಾಕ್ಟರು ಹೇಳಿದರು.

ಡಬ್ಬಿಯನ್ನು ಕಲ್ಯಾಣಕ್ಕೆ ಒಯ್ದಾಗ ಅಂಗಡಿಯವನು ಬಿಚ್ಚಿ ತೋರಿಸಿದ. ಒಳಗೆ ಅರ್ಧ ಜಾಗ ಖಾಲಿ. ಭಾಗಗಳು ಇರಬೇಕಾದ ಕಡೆ ಅವುಗಳ ಗುರುತು ಮಾತ್ರ ಅಚ್ಚಾಗಿತ್ತು, ಭಾಗಗಳೇ ಇರಲಿಲ್ಲ. ಕೂದಲಿನಂಥ ವಯರು ಕಾದು, ಅದರ ಮೇಲಿನ ಪ್ಲಾಸ್ಟಿಕ್ ಕರಗಿ, ಗೋಡೆಯ ಕರೆಂಟು ನೇರ ತಗಡಿಗೆ ತಾಗಿತ್ತು. ಒಳ್ಳೆಯ ಡಬ್ಬಿಯಲ್ಲಿ ಕರೆಂಟಿನ ಕೊಳೆ ಸೋಸುವ ಭಾಗವಿರುತ್ತದೆ, ಅದು ಸೋಸಿದ ಚೂರುಪಾರನ್ನು ಅರ್ಥಿಂಗ್ ತಂತಿಯಿಂದ ನೆಲಕ್ಕೆ ಬಿಡುತ್ತದೆ. ನಮ್ಮ ಹಳೇ ಕಟ್ಟಡದ ಪ್ಲಗ್ಗಿನಲ್ಲಿ ಮೂರನೇ ತೂತಿತ್ತು, ಅದರ ಹಿಂದೆ ತಂತಿ ಇರಲಿಲ್ಲ. ಅವನ ಅಂಗಡಿಯ ವಯರಿನಲ್ಲೂ ಇರಲಿಲ್ಲ. ಹೋಗಲು ದಾರಿಯಿಲ್ಲದೆ ಆ ಚೂರು ಕರೆಂಟು ತಗಡಿನಲ್ಲೇ ನಿಂತು ಜುಮ್ಮೆನ್ನುತ್ತಿತ್ತು. ಕಚ್ಚದ ಡಬ್ಬಿಯಲ್ಲಿ ಸೋಸುವ ಭಾಗವೇ ಇಲ್ಲ, ಹಾಗಾಗಿ ಜುಮ್ಮೆನ್ನಲಿಲ್ಲ. ಇದನ್ನೆಲ್ಲ ಹೇಳಿ ಅವನು ಕೈ ಝಾಡಿಸಿದ.

"ಮೌಶಿ, ಆಪ್‌ನೇ ಜೋ ಮಾಂಗಾ, ವಹೀ ದಿಯಾ."

ಕೇಳಿದ್ದನ್ನೇ ಕೊಟ್ಟನಂತೆ! ನನಗೆ ಮೈಯೆಲ್ಲ ಉರಿಯಿತು. ಕೊಲ್ಲುವ ವಸ್ತುವನ್ನು ಶೆಲ್ಫಿನಲ್ಲಿಟ್ಟು ಮಾರುವವನು ಇಷ್ಟು ಸಲೀಸಾಗಿ ಮಾತಾಡಬಹುದೆಂದು ನಾನು ಎಣಿಸಿರಲಿಲ್ಲ. ಬೈಯಲು ಬಾಯಿ ತೆರೆದರೆ ಯಮುನಕ್ಕ ನನ್ನ ಕೈ ಹಿಡಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಆ ಮಗು ಉಂಟಲ್ಲ" ಎಂದರು. "ಬದಲಾಪುರದಲ್ಲಿ."

ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಅಲ್ಲಿಂದ ನೇರ ಬದಲಾಪುರದ ಗಾಡಿ ಹತ್ತಿದರು. ಭಾಗ್ಯಶ್ರೀಗೆ ಗಾಡಿಯಿಂದಲೇ ಫೋನು ಮಾಡಿದೆವು, ಎತ್ತಲಿಲ್ಲ.

ಹುಡುಗಿ ಮನೆಯಲ್ಲೇ ಇದ್ದಳು, ಕಂಪ್ಯೂಟರಿನ ಮುಂದೆಯೇ. ಯಮುನಕ್ಕ ಸೀದಾ ಹೋಗಿ ಪ್ಲಗ್ಗು ಕಿತ್ತರು. ಬರೆಯುತ್ತಿದ್ದ ಪರೀಕ್ಷೆ ಹೋಯಿತೆಂದು ಹುಡುಗಿ ಹಿಂದಿಯಲ್ಲಿ ಅಳತೊಡಗಿದಳು. ಶರಣಪ್ಪ ಒಳಗಿನಿಂದ ಬಂದ. ನಾವು ನಡೆದದ್ದೆಲ್ಲ ಹೇಳಿದೆವು, ಡಬ್ಬಿಯನ್ನೂ ಪ್ಲಗ್ಗನ್ನೂ ಬದಲಿಸಿ ಕೊಡುತ್ತೇವೆಂದೆವು. ಅವನ ತಲೆಗೆ ಹೋಗಲಿಲ್ಲ.

"ಯಕ್ಕಾ, ಒಮ್ಮಿನೂ ಕಚ್ಚಿಲ್ರೀ ಅದು. ಛಲೋ ಅದ ಅಂತ ನೀವೇ ಆರಿಸಿ ಕೊಟ್ಟೀರಿ. ಈಗ ನೀವೇ ಕೆಟ್ಟದ್ದು ಅಂತೀರಿ. ಯಾವ ಮಾತು ನಂಬಲಿ?"

ಯಮುನಕ್ಕ ಆ ಹುಡುಗಿಯ ಎದುರಿಗೇ ಹೇಳಿದರು.

"ನಾನು ತಪ್ಪಿದೆ ಶರಣಪ್ಪ. ನನ್ನ ಕೈ ತಪ್ಪಿತು."

ನಾನು ಬೆಚ್ಚಿಬಿದ್ದೆ. ಕರೆಂಟು ಹೊಡೆದಾಗಲೂ ಅವರ ದನಿ ಹಾಗೆ ಕೇಳಿಸಿರಲಿಲ್ಲ. ಆದರೆ ಶರಣಪ್ಪನಿಗೆ ಆ ಮಾತಿನ ತೂಕ ಹೇಗೆ ಗೊತ್ತಾಗಬೇಕು? ಅವನು ಪ್ಲಗ್ಗನ್ನು ಮತ್ತೆ ಸಿಕ್ಕಿಸಲು ಬಗ್ಗಿದ. ಯಮುನಕ್ಕ ಕ್ಯಾಬಿನೆಟ್ಟಿನ ಬದಿಯ ಬಾಗಿಲು ಎಳೆದು ತೆಗೆದು, ಮೇಜಿನ ಮೇಲಿದ್ದ ಕತ್ತರಿಯಿಂದ ಡಬ್ಬಿಯ ವಯರುಗಳ ಗೊಂಚಲನ್ನು ಎಡಗೈಯಲ್ಲೇ ಕತ್ತರಿಸಿ ಹಾಕಿದರು. ಶರಣಪ್ಪ ಬಾಯಿಗೆ ಬಂದಂತೆ ಬೈದ. ಡಬ್ಬಿಯನ್ನು ಒಯ್ಯಲೂ ಬಿಡಲಿಲ್ಲ, ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ ಎಂದ. ಕೆಳಗಿಳಿಯುವಾಗ ನನಗೆ ಅಳು ಬರುತ್ತಿತ್ತು. ಯಮುನಕ್ಕ ಮಾತ್ರ ಇವತ್ತು ನಿದ್ದೆ ಬರಬಹುದು ಎಂದರು.

ಆಮೇಲೆ ಅವರು ತಮ್ಮ ಮನೆಗೆ ಅರ್ಥಿಂಗ್ ಮಾಡಿಸಿದರು, ಜುಮ್ಮೆನ್ನುತ್ತಿದ್ದ ಆ ಭಾರದ ಡಬ್ಬಿಯನ್ನೇ ವಾಪಸು ತಂದು ಕೂರಿಸಿದರು. ಅದು ಜುಮ್ಮೆನ್ನುವುದನ್ನು ನಿಲ್ಲಿಸಿತು. ಯಾರು ಕಂಪ್ಯೂಟರ್ ಮಾತೆತ್ತಿದರೂ "ಮೊದಲು ಗೋಡೆ ನೋಡು, ಮತ್ತೆ ಡಬ್ಬಿ" ಎನ್ನತೊಡಗಿದರು. ಶರಣಪ್ಪನಿಗೆ ಎಷ್ಟೋ ಸಲ ಫೋನು ಮಾಡಿದರು, ಅವನು ಎತ್ತಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸೀವುಡ್ಸಿನಲ್ಲಿದ್ದ ತಂಗಿಯ ಮನೆಗೆ ಹೋದವರು ಅಲ್ಲೇ ಹೃದಯಾಘಾತವಾಗಿ ಹೋಗಿಬಿಟ್ಟರು. ಬೆಳಿಗ್ಗೆ ನನಗೆ ಫೋನಿನಲ್ಲಿ ಯಾವುದೋ ಕಾಗದದ ತಪ್ಪು ತಿದ್ದಿಸಿದ್ದರು. ಸಂಜೆ ತಂಗಿ ಫೋನು ಮಾಡಿ ಅಕ್ಕ ಇಲ್ಲ ಅಂದರು. ನಾನು ಮತ್ತೆ ಮತ್ತೆ ಫೋನು ಮಾಡಿ ನಿಜವೇ ಎಂದು ಅದನ್ನೇ ಕೇಳಿದೆ.

ಮನೆ ಖಾಲಿ ಮಾಡಲು ತಂಗಿ ನನಗೆ ಕೀಲಿ ಕೊಟ್ಟಿದ್ದರು. ಒಂದು ದಿನ ಕಪಾಟಿನ ಕಾಗದಗಳನ್ನು ಕಟ್ಟುತ್ತಿರುವಾಗ ಬಾಗಿಲಲ್ಲಿ ಶರಣಪ್ಪ ನಿಂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕತ್ತರಿಸಿದ ವಯರುಗಳನ್ನು ಜೋಡಿಸಿಕೊಡಲು ಡಬ್ಬಿಯನ್ನು ರಿಪೇರಿಯವನಿಗೆ ಕೊಟ್ಟಿದ್ದನಂತೆ. ಅವನು ಮುಚ್ಚಳ ತೆಗೆದವನೇ ಇವನನ್ನು ಕರೆದು ತೋರಿಸಿದನಂತೆ. ಶರಣಪ್ಪ ಚೀಲದಿಂದ ಅದನ್ನು ತೆಗೆದು ನನ್ನ ಮುಂದೆ ಹಿಡಿದ. ಒಳಗೆ ಸುಟ್ಟು ಕಪ್ಪಾಗಿತ್ತು. ಗೋಡೆಯ ಕರೆಂಟು ಬರುವ ವಯರಿನ ಪ್ಲಾಸ್ಟಿಕ್ಕೆಲ್ಲ ಕರಗಿ, ಬೆತ್ತಲೆ ತಾಮ್ರ ತಗಡಿಗೆ ಇನ್ನೇನು ತಾಗಬೇಕು ಎಂಬಷ್ಟು ಹತ್ತಿರ ಬಾಗಿತ್ತು.

"ನನ್ನ ಮಗಳು ದಿನಾ ಆ ಕ್ಯಾಬಿನೆಟ್ ಮ್ಯಾಲ ಕಾಲಿಟಗೊಂಡು ಓದತಿದ್ಳ್ರೀ" ಎಂದ. "ಬರಿಗಾಲು."

ಅವತ್ತು ಆಡಬಾರದ ಮಾತಾಡಿದೆ, ಅಕ್ಕನ ಕಾಲು ಹಿಡಿದು ಹೋಗುತ್ತೇನೆ, ಒಮ್ಮೆ ಕರೆಯಿರಿ ಎಂದ. ಅವನಿಗೆ ಸುದ್ದಿ ಮುಟ್ಟಿಯೇ ಇರಲಿಲ್ಲ. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ. ಶರಣಪ್ಪ ನೀರು ಕುಡಿಯುತ್ತ, ಯಮುನಕ್ಕ ಈಗ ಹೊರಗೆ ಬರುತ್ತಾರೆಂದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದ.